ಊರಿನ ಬೆಳೆಗೆ ಊರಿನ ಹೆಸರು
ಫಿಲಿಪೈನ್ಸ್ ದೇಶದ ಹಳ್ಳಿಗಳಿಂದ ಒಂದು ಪಾಠ



ಜಾತ್ರೆಗೆ ಹೋದವರು ಬರಿಗೈಯಲ್ಲಿ ಮನೆಗೆ ಬರುವುದುಂಟೇ? ಮಕ್ಕಳು ಬಾಗಿಲಲ್ಲೇ ಕಾದಿರುತ್ತಾರೆ. ಒಂದು ಪೊಟ್ಟಣ ಬೆಂಡು ಬತ್ತಾಸೋ, ಒಂದಿಷ್ಟು ಕಡ್ಲೆಪುರಿಯೋ ಕೈಯಲ್ಲಿರಲೇಬೇಕು. ಇಂಥದೇ ಒಂದು ವಾಡಿಕೆ ಫಿಲಿಪೈನ್ಸ್ ದೇಶದಲ್ಲಿಯೂ ಇದೆ. ಅಲ್ಲಿ ಅದು ಎಷ್ಟು ಬಲವಾಗಿ ಬೇರುಬಿಟ್ಟಿದೆಯೆಂದರೆ, ಹಲವು ಊರುಗಳ ರೈತರ ಬೆಳೆಗೆ ಅದರಿಂದಲೇ ಒಳ್ಳೆಯ ಬೆಲೆ ಬರುತ್ತಿದೆ. ಅದು ಹೇಗೆ, ಅದರಲ್ಲಿ ಲಾಭವೆಷ್ಟು, ಅಪಾಯವೆಷ್ಟು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ದೇಶದ ಪರಿಚಯ

ಫಿಲಿಪೈನ್ಸ್ ನಮ್ಮ ಪೂರ್ವಕ್ಕೆ, ಸಮುದ್ರದಾಚೆ ಇರುವ ದ್ವೀಪಗಳ ದೇಶ. ಸಣ್ಣವು ದೊಡ್ಡವು ಸೇರಿ ೭,೬೦೦ಕ್ಕೂ ಹೆಚ್ಚು ದ್ವೀಪಗಳಿವೆ. ಉತ್ತರದಲ್ಲಿ ಲುಜೋನ್, ದಕ್ಷಿಣದಲ್ಲಿ ಮಿಂಡನಾವ್, ಇವೆರಡರ ನಡುವೆ ವಿಸಾಯಾಸ್ ಎಂಬ ದ್ವೀಪಗಳ ಗುಂಪು. ರಾಜಧಾನಿ ಮನಿಲಾ ನಗರ ಲುಜೋನಿನಲ್ಲಿದೆ. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಸ್ಪೇನ್ ದೇಶದವರೂ ಆಮೇಲೆ ಅಮೆರಿಕದವರೂ ಅಲ್ಲಿ ಆಳಿದರು. ೧೯೪೬ರಲ್ಲಿ ದೇಶ ಸ್ವತಂತ್ರವಾಯಿತು.

ಅಲ್ಲಿಯ ಜನರ ಊಟ ಅನ್ನ. ಗದ್ದೆ ಉಳಲು ಕೋಣವನ್ನೂ ಬಳಸುತ್ತಾರೆ. ಅದನ್ನು ಅವರು ಕರಬಾವ್ ಎನ್ನುತ್ತಾರೆ. ತೆಂಗು, ಬಾಳೆ, ಮಾವು, ಕಬ್ಬು ಎಲ್ಲವೂ ಇವೆ. ಒಟ್ಟಿನಲ್ಲಿ ನಮ್ಮ ಕರಾವಳಿಯ ರೈತನೊಬ್ಬನು ಅಲ್ಲಿ ಹೋಗಿ ನಿಂತರೆ ಬೆಳೆಗಳೆಲ್ಲ ಗುರುತಿನವೇ ಎನ್ನಿಸುತ್ತದೆ.

ಕೆಲಸ ಅರಸಿ ನಗರ ಸೇರಿದ ಫಿಲಿಪೈನ್ಸ್ ಜನ ಹಬ್ಬಗಳಲ್ಲಿ ತಪ್ಪದೆ ಸ್ವಂತ ಊರಿಗೆ ಮರಳುತ್ತಾರೆ. ಕ್ರಿಸ್ಮಸ್, ಈಸ್ಟರಿಗೆ ಮುಂಚಿನ ಪವಿತ್ರ ವಾರ, ಹಿರಿಯರ ಸಮಾಧಿಗೆ ದೀಪ ಹಚ್ಚುವ ನವೆಂಬರ್ ೧ ಇವು ಮುಖ್ಯ ದಿನಗಳು. ಆಗ ಬಸ್ಸುಗಳೂ ಹಡಗುಗಳೂ ತುಂಬಿ ತುಳುಕುತ್ತವೆ. ಬೇರೆ ಊರುಗಳ ಹಬ್ಬ, ಬೆಟ್ಟ, ಕಡಲ ತೀರ ನೋಡಲು ಹೋಗುವವರೂ ಬಹಳ. ಹೊರದೇಶದ ಪ್ರವಾಸಿಗಳಿಗಿಂತ ದೇಶದೊಳಗೇ ಓಡಾಡುವ ಪ್ರಯಾಣಿಕರ ಸಂಖ್ಯೆಯೇ ಅಲ್ಲಿ ಎಷ್ಟೋ ಪಾಲು ಹೆಚ್ಚು. ಈ ಓಡಾಟದಿಂದಲೇ ಹಳ್ಳಿಯ ಬೆಳೆಗೆ ಗಿರಾಕಿ ಸಿಗುತ್ತಾನೆ.

ಪಸಲೂಬೊಂಗ್ ಎಂಬ ಪದ್ಧತಿ

ಪ್ರಯಾಣ ಹೋದವರು ಮನೆಯವರಿಗೆ, ನೆರೆಯವರಿಗೆ, ಜೊತೆ ಕೆಲಸಗಾರರಿಗೆ ತರುವ ಕಾಣಿಕೆಗೆ ಅಲ್ಲಿ ಪಸಲೂಬೊಂಗ್ ಎಂದು ಹೆಸರು. ಸಲೂಬೊಂಗ್ ಎಂದರೆ ಎದುರುಗೊಳ್ಳುವುದು. ಅಂದರೆ ಇದು ಮನೆಗೆ ಮರಳಿದವರನ್ನು ಎದುರುಗೊಂಡವರ ಕೈಗೆ ಸೇರುವ ವಸ್ತು. ಇದರಲ್ಲಿ ಒಂದು ಕಟ್ಟುಪಾಡಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರೂ ಬಲ್ಲರು. ಯಾವ ಊರಿಗೆ ಹೋದರೋ ಆ ಊರಿನದೇ ಪದಾರ್ಥವನ್ನು ತರಬೇಕು. ಎಲ್ಲ ಅಂಗಡಿಯಲ್ಲೂ ಸಿಗುವ ಬಿಸ್ಕತ್ತು ತಂದರೆ ಅದಕ್ಕೆ ಬೆಲೆಯಿಲ್ಲ.

ಹೀಗಾಗಿ ಒಂದೊಂದು ಊರೂ ಒಂದೊಂದು ಬೆಳೆಗೆ, ಒಂದೊಂದು ತಿನಿಸಿಗೆ ಹೆಸರು ಪಡೆದಿದೆ. ಕೆಲವನ್ನು ನೋಡಿ:

ಲಗುನಾ ಪ್ರಾಂತದ ಲೋಸ್ ಬಾನ್ಯೋಸ್ ಊರಿಗೆ ಹೋದವರು ಬುಕೊ ಪೈ ತರುತ್ತಾರೆ. ಇದು ಎಳನೀರು ಕಾಯಿಯ ಗಂಜಿಯನ್ನು ಹಿಟ್ಟಿನ ಹೊದಿಕೆಯೊಳಗಿಟ್ಟು ಬೇಯಿಸಿದ ಕಡುಬು. ಬೊಹೋಲ್ ದ್ವೀಪದಿಂದ ಕಲಾಮಾಯ್ ತರುತ್ತಾರೆ. ಇದು ಅಕ್ಕಿಹಿಟ್ಟು, ತೆಂಗಿನ ಹಾಲು, ಸಕ್ಕರೆ ಸೇರಿಸಿ ಕಾಯಿಸಿದ ಹಲ್ವ. ಇದನ್ನು ತೆಂಗಿನ ಚಿಪ್ಪಿನಲ್ಲೇ ತುಂಬಿ ಮುಚ್ಚುತ್ತಾರೆ. ಕಬ್ಬಿನ ನಾಡಾದ ನೇಗ್ರೋಸ್ ದ್ವೀಪದಿಂದ ಪಿಯಾಯಾ ಬರುತ್ತದೆ. ಅದರ ಹೂರಣ ಬೆಲ್ಲದಂಥ ಕಂದು ಸಕ್ಕರೆ. ನಮ್ಮ ಹೋಳಿಗೆಯ ದೂರದ ನೆಂಟನೆನ್ನಬಹುದು. ತಂಪು ಬೆಟ್ಟದ ಬಾಗಿಯೋ ಕಡೆಯಿಂದ ಸ್ಟ್ರಾಬೆರಿ ಹಣ್ಣು, ದಾವಾವ್ ಕಡೆಯಿಂದ ಚಕ್ಕೋತ, ಬಟಾಂಗಾಸಿನಿಂದ ಬರಾಕೊ ಎಂಬ ಗಾಟು ಕಾಫಿ.

ಗಮನಿಸಬೇಕಾದ ಸಂಗತಿ ಇದು. ತೆಂಗು, ಅಕ್ಕಿ, ಕಬ್ಬು ಆ ದೇಶದಲ್ಲಿ ಎಲ್ಲೆಲ್ಲೂ ಬೆಳೆಯುವ ಸಾಮಾನ್ಯ ಬೆಳೆಗಳು. ಹಸಿಯಾಗಿ ಮಂಡಿಗೆ ಹಾಕಿದರೆ ವ್ಯಾಪಾರಿ ಹೇಳಿದ್ದೇ ಬೆಲೆ. ಅದನ್ನೇ ಊರಿನಲ್ಲಿ ಪಾಕ ಮಾಡಿ, ಊರಿನ ಹೆಸರಿಟ್ಟು, ದಾರಿಯ ಬದಿಯಲ್ಲಿ ಪ್ರಯಾಣಿಕನ ಕೈಗೇ ಕೊಟ್ಟರೆ, ಬೆಳೆದ ಊರಿಗೆ ಹೆಚ್ಚು ಪಾಲು ಉಳಿಯುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಹೇಳುತ್ತೇವೆ. ಪಸಲೂಬೊಂಗ್ ಪದ್ಧತಿ ಹಿತ್ತಲ ಗಿಡಕ್ಕೇ ಮರ್ಯಾದೆ ತಂದುಕೊಟ್ಟಿದೆ.

ಆದರೆ ಹೆಸರೊಂದೇ ಅನ್ನ ಹಾಕುವುದಿಲ್ಲ. ಬಟಾಂಗಾಸಿನ ಲಿಪಾ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿಯಿಂದ ಬಹು ಶ್ರೀಮಂತವಾಗಿತ್ತು. ೧೮೮೯ರ ಸುಮಾರಿಗೆ ಎಲೆ ತುಕ್ಕುರೋಗ ಬಿದ್ದು ತೋಟಗಳು ಹಾಳಾದವು. ಬರಾಕೊ ಕಾಫಿಯ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಅಂದಿನ ಸಿರಿ ಮಾತ್ರ ಮರಳಲಿಲ್ಲ. ಗಿಡ ಉಳಿದರೆ ಹೆಸರಿಗೆ ಬೆಲೆ. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ನಾಲ್ಕು ಊರುಗಳನ್ನು ನೋಡೋಣ.

ಮೊದಲನೆಯ ಊರು: ಲುಕ್ಬಾನ್

ಲುಕ್ಬಾನ್ ಬನಾಹಾವ್ ಬೆಟ್ಟದ ಬುಡದಲ್ಲಿರುವ ಊರು, ಕೇಜೋನ್ ಪ್ರಾಂತಕ್ಕೆ ಸೇರಿದೆ. ಪ್ರತಿ ವರ್ಷ ಮೇ ೧೫ರಂದು ಅಲ್ಲಿ ಪಹಿಯಾಸ್ ಹಬ್ಬ ನಡೆಯುತ್ತದೆ. ಅಂದು ರೈತರ ಸಂತನೆಂದು ಅಲ್ಲಿಯವರು ನಂಬುವ ಸಾನ್ ಇಸಿದ್ರೋ ಲಬ್ರದೋರನ ದಿನ. ರೈತರು ತಮ್ಮ ಫಸಲನ್ನೇ ಮನೆಯ ಮುಂಭಾಗಕ್ಕೆ ಅಲಂಕಾರವಾಗಿ ಕಟ್ಟುತ್ತಾರೆ. ಭತ್ತದ ತೆನೆ, ಕುಂಬಳ, ಬದನೆ, ಹುರುಳಿಕಾಯಿ, ಬಾಳೆಗೊನೆ, ಕೈಯಿಂದ ಹೆಣೆದ ಟೊಪ್ಪಿಗೆ ಎಲ್ಲವೂ ಗೋಡೆಗೇರುತ್ತವೆ. ಸಂತನ ಮೆರವಣಿಗೆ ಆ ಬೀದಿಯಲ್ಲಿ ಬರುತ್ತದೆ. ಮೆರವಣಿಗೆಯ ಬೀದಿ ವರ್ಷ ವರ್ಷವೂ ಬದಲಾಗುವುದರಿಂದ ಎಲ್ಲ ಕೇರಿಗಳಿಗೂ ಸರದಿಯಂತೆ ಅವಕಾಶ ಸಿಗುತ್ತದೆ.

ಈ ಅಲಂಕಾರದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಕಿಪಿಂಗ್. ಅಕ್ಕಿ ನೆನೆಸಿ ರುಬ್ಬಿ, ಬಣ್ಣ ಬೆರೆಸಿ, ಆ ಹಿಟ್ಟನ್ನು ಮರದ ಎಲೆಯ ಮೇಲೆ ತೆಳ್ಳಗೆ ಸವರಿ ಆವಿಯಲ್ಲಿ ಬೇಯಿಸುತ್ತಾರೆ. ಒಣಗಿದ ಮೇಲೆ ಎಲೆಯಿಂದ ಬಿಡಿಸಿದರೆ ಎಲೆಯ ನರನರವೂ ಮೂಡಿದ ಹಪ್ಪಳ ಸಿಗುತ್ತದೆ. ಇಂಥ ನೂರಾರು ಹಪ್ಪಳಗಳನ್ನು ಗೊಂಚಲಾಗಿ ಪೋಣಿಸಿ ತೂಗುಬಿಡುತ್ತಾರೆ. ಹಬ್ಬ ಮುಗಿದ ಮೇಲೆ ಕರಿದು ತಿನ್ನುತ್ತಾರೆ. ಏನೂ ವ್ಯರ್ಥವಿಲ್ಲ.

ಈ ಒಂದು ದಿನ ನೋಡಲು ದೇಶದ ನಾನಾ ಕಡೆಯಿಂದ ಜನ ಬರುತ್ತಾರೆ. ಬಂದವರು ಬಾಳೆಲೆಯ ಮೇಲೆ ಕೊಡುವ ಹಬ್ಹಬ್ ಶಾವಿಗೆಯನ್ನು ಕೈ ಸೋಕಿಸದೆ ಎಲೆಯಿಂದಲೇ ಬಾಯಿಗಿಟ್ಟು ತಿನ್ನುತ್ತಾರೆ. ಹೋಗುವಾಗ ಟೊಪ್ಪಿಗೆ, ಕಿಪಿಂಗ್, ಬೆಳ್ಳುಳ್ಳಿ ಹಾಕಿದ ಮಾಂಸದ ಲೊಂಗನೀಸಾ ಕೊಂಡು ಹೋಗುತ್ತಾರೆ. ಹಬ್ಬವನ್ನು ಹೊರಗಿನವರಿಗಾಗಿ ಕಟ್ಟಿದ್ದಲ್ಲ. ಸುಗ್ಗಿಗೆ ಕೃತಜ್ಞತೆ ಹೇಳಲು ರೈತರು ತಾವೇ ಮಾಡಿಕೊಂಡು ಬಂದದ್ದು. ನಿಜವಾದ ಹಬ್ಬವಾದ್ದರಿಂದಲೇ ನೋಡುವವರು ಬಂದರು.

ಎರಡನೆಯ ಊರು: ಗಿಮಾರಾಸ್

ವಿಸಾಯಾಸಿನಲ್ಲಿ ಪನಾಯ್ ಮತ್ತು ನೇಗ್ರೋಸ್ ದ್ವೀಪಗಳ ನಡುವೆ ಗಿಮಾರಾಸ್ ಎಂಬ ಚಿಕ್ಕ ದ್ವೀಪವಿದೆ. ಇಲೋಇಲೋ ನಗರದಿಂದ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ೧೯೯೨ರಲ್ಲಿ ಇದು ಪ್ರತ್ಯೇಕ ಪ್ರಾಂತವಾಯಿತು. ಇಲ್ಲಿಯ ಸಂಪತ್ತು ಮಾವು. ತಳಿಯ ಹೆಸರು ಕರಬಾವ್, ಉಳುವ ಕೋಣದ ಹೆಸರೇ. ಹಣ್ಣು ಉದ್ದ, ಸಿಪ್ಪೆ ಹಳದಿ, ನಾರು ಕಡಿಮೆ, ಸಿಹಿ ಬಹಳ. ಮೇ ತಿಂಗಳಲ್ಲಿ ಮಾವಿನ ಹಬ್ಬಕ್ಕೆ ಜನ ದೋಣಿಗಳಲ್ಲಿ ಬರುತ್ತಾರೆ. ಹಣ್ಣಿನ ಪೆಟ್ಟಿಗೆ ಹೊತ್ತು ಹಿಂದಿರುಗುತ್ತಾರೆ.

ಈ ಹೆಸರನ್ನು ಕಾಪಾಡಲು ಅಲ್ಲಿಯವರು ಮಾಡಿರುವುದನ್ನು ನಾವು ಗಮನವಿಟ್ಟು ನೋಡಬೇಕು.

ಒಂದು: ಹೊರಗಿನ ಹಸಿ ಮಾವನ್ನು ದ್ವೀಪದೊಳಕ್ಕೆ ತರಲು ಬಿಡುವುದಿಲ್ಲ. ಪಾಲವಾನ್ ದ್ವೀಪದಲ್ಲಿ ಮಾವಿನ ತಿರುಳನ್ನೇ ಕೊರೆಯುವ ಮೂತಿಹುಳುವಿನ ಕಾಟವಿದೆ. ಮೇಲಿಂದ ನೋಡಿದರೆ ಹಣ್ಣು ಚೆನ್ನಾಗಿಯೇ ಕಾಣುತ್ತದೆ, ಕೊಯ್ದರೆ ಒಳಗೆ ಹುಳು. ಅಂಥ ಹುಳು ಒಂದು ಬುಟ್ಟಿಯೊಡನೆ ಬಂದರೂ ಇಡೀ ದ್ವೀಪದ ತೋಟ ಕೆಡುತ್ತದೆ. ಈ ಕಾವಲಿನಿಂದಾಗಿ ೨೦೦೧ರಲ್ಲಿ ಗಿಮಾರಾಸಿನ ಮಾವಿಗೆ ಅಮೆರಿಕದ ಪೇಟೆಯ ಬಾಗಿಲು ತೆರೆಯಿತು. ಈ ಕಾವಲಿನಿಂದ ಇನ್ನೊಂದು ಲಾಭವೂ ಉಂಟು. ಬೇರೆ ಕಡೆಯ ಹಣ್ಣನ್ನು ತಂದು ಗಿಮಾರಾಸಿನದೆಂದು ಅಲ್ಲೇ ಮಾರುವ ಮೋಸಕ್ಕೂ ತಡೆ ಬೀಳುತ್ತದೆ.

ಎರಡು: ಕಾಯಿ ಚಿಕ್ಕದಿರುವಾಗಲೇ ಒಂದೊಂದಕ್ಕೂ ಕಾಗದದ ಚೀಲ ತೊಡಿಸುತ್ತಾರೆ. ಹಳೆಯ ವೃತ್ತಪತ್ರಿಕೆಯ ಹಾಳೆಯೂ ಸಾಕು. ಹಣ್ಣಿನ ನೊಣ ಮೊಟ್ಟೆಯಿಡಲಾರದು, ಸಿಪ್ಪೆಗೆ ಕಲೆ ಬೀಳದು, ಔಷಧಿ ಸಿಂಪಡಿಸುವ ಖರ್ಚೂ ಇಳಿಯುತ್ತದೆ. ಕೆಲಸ ಬಹಳ, ನಿಜ. ಆದರೆ ಆ ಕೆಲಸದ ಕೂಲಿ ಊರಿನವರಿಗೇ ಸೇರುತ್ತದೆ.

ಮೂರು: ಬಲಿಯದ ಕಾಯಿ ಕೀಳುವುದಿಲ್ಲ. ಆ ದೇಶದಲ್ಲಿ ಬಲಿತದ್ದನ್ನು ಗುರುತಿಸುವ ಸುಲಭ ಉಪಾಯವೊಂದಿದೆ. ಹತ್ತು ಲೀಟರು ನೀರಿಗೆ ನೂರು ಗ್ರಾಂ ಉಪ್ಪು ಕರಗಿಸಿ ಕೆಲವು ಮಾದರಿ ಕಾಯಿ ಹಾಕಿ ನೋಡುತ್ತಾರೆ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ.

ಮಾವಿನ ಹೂವಿನ ವಿಷಯವನ್ನೂ ಇಲ್ಲೇ ಹೇಳಬೇಕು. ಹಿಂದೆ ಅಲ್ಲಿಯ ರೈತರು ಮರ ಹೂ ಬಿಡಲೆಂದು ಬುಡದಲ್ಲಿ ಎಲೆ ಕಸ ಉರಿಸಿ ದಿನಗಟ್ಟಲೆ ಹೊಗೆ ಹಾಕುತ್ತಿದ್ದರು. ೧೯೭೦ರ ದಶಕದಲ್ಲಿ ರಾಮೋನ್ ಬಾರ್ಬಾ ಎಂಬ ತೋಟಗಾರಿಕೆ ವಿಜ್ಞಾನಿ ಹೊಸ ಮಾರ್ಗ ಕಂಡುಹಿಡಿದರು. ಪೊಟ್ಯಾಸಿಯಂ ನೈಟ್ರೇಟ್ ಲವಣವನ್ನು ಶೇಕಡ ಒಂದರಷ್ಟು ನೀರಿನಲ್ಲಿ ಕರಗಿಸಿ ಬಲಿತ ಎಲೆಯ ರೆಂಬೆಗಳಿಗೆ ಸಿಂಪಡಿಸಿದರೆ ಎರಡು ವಾರದೊಳಗೆ ಹೂ ಮೊಗ್ಗು ಹೊರಡುತ್ತದೆ. ಇದನ್ನು ಬಳಸುವ ರೈತರಿಂದ ಅವರು ಹಣ ಕೇಳಲಿಲ್ಲ. ೨೦೧೪ರಲ್ಲಿ ದೇಶ ಅವರಿಗೆ ರಾಷ್ಟ್ರೀಯ ವಿಜ್ಞಾನಿ ಎಂಬ ಬಿರುದು ಕೊಟ್ಟಿತು. ಆದರೆ ಎಚ್ಚರಿಕೆ: ಈ ಉಪಾಯ ಕರಬಾವ್ ತಳಿಗೂ ಆ ಹವೆಗೂ ಒಗ್ಗಿದ್ದು. ಎಲ್ಲ ಮಾವೂ ಇದಕ್ಕೆ ಒಂದೇ ರೀತಿ ಓಗೊಡುವುದಿಲ್ಲ. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸದೆ ಪ್ರಯೋಗಕ್ಕೆ ಕೈಹಾಕಬೇಡಿ.

೨೦೨೩ರಲ್ಲಿ ಗಿಮಾರಾಸ್ ಮಾವಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ನಮ್ಮ ನಂಜನಗೂಡು ರಸಬಾಳೆಗೆ ಇರುವಂಥದೇ ನೋಂದಣಿ ಇದು. ಈ ಹೆಸರನ್ನು ಬೇರೆಯವರು ತಮ್ಮ ಹಣ್ಣಿಗೆ ಅಂಟಿಸಿ ಮಾರುವಂತಿಲ್ಲ. ಕಾನೂನಿನ ಕಾಗದ ಬಂದದ್ದು ಕೊನೆಗೆ. ಕಾವಲು, ಚೀಲ, ಬಲಿತ ಹಣ್ಣು ಇವು ಅದಕ್ಕೆ ಎಷ್ಟೋ ಮೊದಲಿನಿಂದಲೇ ಇದ್ದವು.

ಮೂರನೆಯ ಊರು: ಇಫುಗಾವ್

ಲುಜೋನಿನ ಉತ್ತರದ ಬೆಟ್ಟಸಾಲಿನಲ್ಲಿ ಇಫುಗಾವ್ ಜನರ ಮೆಟ್ಟಿಲು ಗದ್ದೆಗಳಿವೆ. ಬೆಟ್ಟದ ಮೈಯನ್ನು ಕಡಿದು, ಕಲ್ಲು ಮಣ್ಣಿನ ಕಟ್ಟೆ ಹಾಕಿ, ಒಂದರ ಮೇಲೊಂದು ಗದ್ದೆ ಮಾಡಿದ್ದಾರೆ. ಹೆಚ್ಚಿನದು ಕೈಕೆಲಸವೇ. ನೆತ್ತಿಯಲ್ಲಿ ಮನೆತನಗಳು ಮುಯೊಂಗ್ ಎಂಬ ಕಾಡನ್ನು ಉಳಿಸಿಕೊಂಡಿವೆ. ಮಲೆನಾಡಿನವರು ಸೊಪ್ಪಿನಬೆಟ್ಟವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಆ ಕಾಡು ಮಳೆನೀರನ್ನು ಹಿಡಿದಿಟ್ಟು ಗದ್ದೆಗೆ ಬಿಡುತ್ತದೆ, ಸೌದೆಯನ್ನೂ ಮನೆಗೆ ಮರವನ್ನೂ ಕೊಡುತ್ತದೆ. ಮೇಲಿನ ಕಾಡು ಹೋದರೆ ಕೆಳಗಿನ ಗದ್ದೆಯೂ ಹೋಗುತ್ತದೆ.

ಅಲ್ಲಿ ಬೆಳೆಯುವ ನಾಡ ಭತ್ತಕ್ಕೆ ತಿನಾವೋನ್ ಎಂದು ಹೆಸರು. ವರ್ಷಕ್ಕೊಂದೇ ಬೆಳೆ ಎಂದು ಅದರ ಅರ್ಥ. ಕೊಯ್ಲಿನ ಸಮಯದಲ್ಲಿ ಹೆಂಗಸರು ಹುಡ್‌ಹುಡ್ ಎಂಬ ಹಾಡುಗಥೆಗಳನ್ನು ಹಾಡುತ್ತಾರೆ.

ಈ ಗದ್ದೆಗಳಲ್ಲಿ ಐದು ಸಮೂಹಗಳನ್ನು ೧೯೯೫ರಲ್ಲಿ ಯುನೆಸ್ಕೋ ಸಂಸ್ಥೆ ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗಳು ಬಂದರು. ಆದರೆ ಏನಾಯಿತು ನೋಡಿ. ೨೦೦೧ರಲ್ಲಿ ಅದೇ ಸಂಸ್ಥೆ ಈ ಗದ್ದೆಗಳನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಬೇಕಾಯಿತು. ಗದ್ದೆ ಬೀಳುಬಿದ್ದಿತ್ತು, ಕಟ್ಟೆ ಕುಸಿದಿತ್ತು. ಯುವಕರು ಕೂಲಿಗೂ ನೌಕರಿಗೂ ಬೇರೆಡೆ ಹೋಗಿದ್ದರು. ಆಹಾರಕ್ಕೆಂದು ೧೯೮೦ರ ದಶಕದಲ್ಲಿ ಹೊರದೇಶದಿಂದ ಫಿಲಿಪೈನ್ಸಿಗೆ ತಂದ ಹೊಂಬಣ್ಣದ ಬಸವನಹುಳು ಗದ್ದೆಗಳಿಗೆ ಹರಡಿ ಎಳೆ ಪೈರನ್ನು ತಿನ್ನತೊಡಗಿತ್ತು.

ಕಾರಣವನ್ನು ಯೋಚಿಸಿ. ನೋಡಲು ಬಂದವನು ವಸತಿಗೃಹಕ್ಕೆ ಹಣ ಕೊಟ್ಟ, ವಾಹನಕ್ಕೆ ಕೊಟ್ಟ, ಊಟಕ್ಕೆ ಕೊಟ್ಟ. ಅವನು ನೋಡಲು ಬಂದ ಕಟ್ಟೆಯನ್ನು ಕಟ್ಟುವವನಿಗೆ ಎಷ್ಟು ಸಿಕ್ಕಿತು? ಗದ್ದೆ ಮಾಡುವುದಕ್ಕಿಂತ ದಾರಿ ತೋರಿಸುವ ಕೆಲಸವೇ ಲಾಭವಾದರೆ ಹುಡುಗರು ಗುದ್ದಲಿ ಏಕೆ ಹಿಡಿಯುತ್ತಾರೆ? ಗದ್ದೆ ಬಿಟ್ಟರೆ ನಾಳೆ ತೋರಿಸಲು ಏನೂ ಉಳಿಯುವುದಿಲ್ಲ.

ಆಮೇಲೆ ಊರಿನವರೂ ಸರ್ಕಾರವೂ ಸೇರಿ ಕಟ್ಟೆ, ಕಾಲುವೆಗಳ ದುರಸ್ತಿಗೆ ಕೈಹಾಕಿದರು. ೨೦೧೨ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ಹೊರಬಂದಿತು. ಆ ಬೆಟ್ಟಗಳ ನಾಡ ಅಕ್ಕಿಯನ್ನು ಅದರ ಹೆಸರಿನಲ್ಲೇ ನಗರಗಳಿಗೂ ಹೊರದೇಶಕ್ಕೂ ಮಾರುವ ಪ್ರಯತ್ನಗಳು ನಡೆದಿವೆ. ಸಾಮಾನ್ಯ ಅಕ್ಕಿಗಿಂತ ಅದಕ್ಕೆ ಬೆಲೆ ಹೆಚ್ಚು. ಹೀಗೆ ಪ್ರವಾಸಿಯ ಹಣ ಗದ್ದೆಯವನಿಗೂ ತಲುಪಲು ಒಂದು ದಾರಿಯಾಯಿತು. ಆದರೂ ಇಳಿಜಾರಿನ ಗದ್ದೆಯ ದುಡಿಮೆ ಕಷ್ಟದ್ದೇ. ಮಳೆಗಾಲದಲ್ಲಿ ಕಟ್ಟೆ ಕುಸಿಯುವ ಭಯ ಇಂದಿಗೂ ಇದೆ.

ಇಲ್ಲಿ ನಮಗೂ ಸಂಬಂಧಿಸಿದ ಒಂದು ಮಾತಿದೆ. ಬುಕೊ ಪೈ ಹೇಳುವಾಗ ಲೋಸ್ ಬಾನ್ಯೋಸ್ ಊರಿನ ಹೆಸರು ಬಂತಲ್ಲ, ಅಲ್ಲಿಯೇ ೧೯೬೦ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ೧೯೬೬ರಲ್ಲಿ ಅದು ಬಿಡುಗಡೆ ಮಾಡಿದ ಐ.ಆರ್. ೮ ಗಿಡ್ಡ ತಳಿ ನಮ್ಮ ನಾಡಿನ ಗದ್ದೆಗಳಿಗೂ ಬಂದು ಇಳುವರಿ ಹೆಚ್ಚಿಸಿದ್ದನ್ನು ಹಿರಿಯರು ಬಲ್ಲರು. ಅದೇ ಸಂಸ್ಥೆಯ ಬೀಜದ ಕಣಜದಲ್ಲಿ ಇಂದು ೧,೩೦,೦೦೦ಕ್ಕೂ ಹೆಚ್ಚು ಬಗೆಯ ಭತ್ತದ ಮಾದರಿಗಳನ್ನು ಕಾಪಾಡಿದ್ದಾರೆ. ಭಾರತದ ನಾಡ ತಳಿಗಳೂ ಅದರಲ್ಲಿವೆ. ಹೊಸ ತಳಿಗೆ ಬೇಕಾದ ಗುಣಗಳು ಹಳೆಯ ತಳಿಗಳಿಂದಲೇ ಸಿಗಬೇಕು. ಆದ್ದರಿಂದ ಬಯಲಿಗೆ ಹೊಸ ತಳಿ ಒಳ್ಳೆಯದಾದರೂ ಬೆಟ್ಟದ ಹಳೆಯ ಬೀಜವನ್ನು ಕಳೆದುಕೊಳ್ಳಬಾರದು.

ನಾಲ್ಕನೆಯ ಊರು: ಬೊರಾಕಾಯ್

ಬೊರಾಕಾಯ್ ಬಿಳಿ ಮರಳಿನ ಪುಟ್ಟ ದ್ವೀಪ. ವರ್ಷ ವರ್ಷ ಬರುವವರು ಹೆಚ್ಚಿದರು. ವಸತಿಗೃಹಗಳು ಎದ್ದವು. ಬಚ್ಚಲು, ಶೌಚದ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಹಲವರು ಯೋಚಿಸಲಿಲ್ಲ. ಕೊಳಚೆ ನೇರವಾಗಿ ಸಮುದ್ರ ಸೇರಿತು. ಕೊನೆಗೆ ಸರ್ಕಾರ ೨೦೧೮ರ ಏಪ್ರಿಲ್ ೨೬ರಿಂದ ಅಕ್ಟೋಬರ್ ೨೫ರವರೆಗೆ, ಆರು ತಿಂಗಳು, ಇಡೀ ದ್ವೀಪವನ್ನು ಪ್ರವಾಸಿಗಳಿಗೆ ಮುಚ್ಚಿಬಿಟ್ಟಿತು. ಚರಂಡಿ ಸರಿಪಡಿಸಿದರು, ತೀರಕ್ಕೆ ಒತ್ತಿ ಕಟ್ಟಿದ್ದನ್ನು ಕೆಡವಿದರು. ಅಷ್ಟರವರೆಗೆ ಸಾವಿರಾರು ಜನರ ಕೆಲಸ ನಿಂತಿತು. ತಪ್ಪು ಮಾಡಿದವರ ಜೊತೆಗೆ, ಎಳನೀರು ಮಾರಿ ದೋಣಿ ನಡೆಸಿ ಬದುಕುತ್ತಿದ್ದವರೂ ನಷ್ಟಕ್ಕೆ ಸಿಕ್ಕಿದರು.

ಇದು ದ್ವೀಪದ ಮಾತು ಮಾತ್ರವಲ್ಲ. ದೇವಸ್ಥಾನವೋ ಕೆರೆಯೋ ಜಲಪಾತವೋ ಇರುವ ಯಾವ ಊರಿಗಾದರೂ ಇದೇ ಲೆಕ್ಕ. ಹತ್ತು ಜನ ಬಂದಾಗ ಸಾಕಾದ ಚರಂಡಿ ಸಾವಿರ ಜನಕ್ಕೆ ಸಾಲದು. ಗಿರಾಕಿಗೆ ಮೊದಲು ಇಂಗುಗುಂಡಿ, ಅಂಗಡಿಗೆ ಮೊದಲು ಶೌಚಾಲಯ.

ಪಾಠದ ಸಾರ

ನಾಲ್ಕೂ ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದಿಷ್ಟು.

೧. ಬಂದವರ ಹಣ ಊರಿನಲ್ಲಿ ಉಳಿಯಬೇಕಾದರೆ ಅವರು ಕೊಳ್ಳುವ ಪದಾರ್ಥ ಆ ಊರಿನ ಮಣ್ಣಿನಲ್ಲೇ ಬೆಳೆದದ್ದಾಗಿರಬೇಕು. ಪೇಟೆಯಿಂದ ತಂದ ಸಾಮಾನು ಮಾರಿದರೆ ಹಣ ಪೇಟೆಗೇ ಮರಳುತ್ತದೆ.

೨. ಹೆಸರು ಕೆರೆಯ ಏರಿಯಂತೆ. ಕಟ್ಟಲು ತಲೆಮಾರು ಬೇಕು, ಒಡೆಯಲು ಒಂದು ಬಿರುಕು ಸಾಕು. ಒಬ್ಬ ಬಲಿಯದ ಹಣ್ಣು ಮಾರಿದರೆ ಊರಿಗೆಲ್ಲ ಕೆಟ್ಟ ಹೆಸರು. ಆದ್ದರಿಂದ ಕಾವಲು ಒಬ್ಬರದಲ್ಲ, ಊರೊಟ್ಟಿನದು.

೩. ನೋಡಲು ಬರುವವರ ಹಣದಲ್ಲಿ ಒಂದು ಪಾಲು ಗದ್ದೆ, ಕಾಡು, ಕೆರೆಗಳನ್ನು ಕಾಯುವವರಿಗೆ ಸಲ್ಲಬೇಕು. ಇಲ್ಲವಾದರೆ ನೋಡುವ ವಸ್ತುವೇ ಇಲ್ಲವಾಗುತ್ತದೆ.

೪. ನಮ್ಮ ಹಬ್ಬವನ್ನು ನಮಗಾಗಿ ಮಾಡೋಣ. ಅದು ಚೆನ್ನಾಗಿ ನಡೆದರೆ ನೆಂಟರು ತಾವಾಗಿ ಬರುತ್ತಾರೆ.

೫. ಹೊರಗಿನಿಂದ ಬೀಜ, ಸಸಿ, ಪ್ರಾಣಿ ತರುವ ಮುನ್ನ ವಿಚಾರಿಸಬೇಕು. ಒಂದು ಬಸವನಹುಳು ಎಷ್ಟು ಹಾನಿ ಮಾಡಿತೆಂಬುದನ್ನು ಮರೆಯಬಾರದು.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

ಈ ಪಾಠವನ್ನು ರೈತರ ಕೂಟದಲ್ಲಿಯೋ ಸ್ವಸಹಾಯ ಸಂಘದಲ್ಲಿಯೋ ಒಬ್ಬರು ಗಟ್ಟಿಯಾಗಿ ಓದಿ, ಕೆಳಗಿನ ಪ್ರಶ್ನೆಗಳನ್ನು ಎಲ್ಲರೂ ಚರ್ಚಿಸಿರಿ.

ನಿಮ್ಮ ಊರಿಗೆ ಬಂದ ನೆಂಟರು ಹೋಗುವಾಗ ಏನನ್ನು ಕೇಳಿ ಪಡೆದು ಹೋಗುತ್ತಾರೆ? ಅದು ಊರಿನಲ್ಲೇ ಬೆಳೆದದ್ದೇ?

ನಿಮ್ಮ ಅಜ್ಜಿಯರ ಕಾಲದಲ್ಲಿದ್ದು ಈಗ ಕಾಣದ ಬೀಜ, ಹಣ್ಣು, ತಿನಿಸು ಯಾವುವು? ಅವು ಯಾರ ಮನೆಯಲ್ಲಾದರೂ ಉಳಿದಿವೆಯೇ?

ಜಾತ್ರೆಯ ದಿನ ನಿಮ್ಮ ಊರಿನಲ್ಲಿ ಮಾರಾಟವಾಗುವ ಪದಾರ್ಥಗಳಲ್ಲಿ ಊರಿನವು ಎಷ್ಟು, ಹೊರಗಿನವು ಎಷ್ಟು? ಜಾತ್ರೆಯ ಮರುದಿನ ಕಸವನ್ನು ಯಾರು ತೆಗೆಯುತ್ತಾರೆ?

ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ಊರಿನ ಒಂದು ಚಿಕ್ಕ ಪಟ್ಟಿ ಸಿದ್ಧವಾಗುತ್ತದೆ. ಅದರಲ್ಲಿ ಒಂದೇ ಒಂದು ಬೆಳೆಯನ್ನೋ ತಿನಿಸನ್ನೋ ಆರಿಸಿಕೊಂಡು, ಮುಂದಿನ ಜಾತ್ರೆಗೆ ಶುಚಿಯಾಗಿ ಕಟ್ಟಿ, ಊರಿನ ಹೆಸರು ಬರೆದು ಇಟ್ಟು ನೋಡಿ. ಬಂದವರು ಬರಿಗೈಯಲ್ಲಿ ಹೋಗದಿರಲಿ, ಬೆಳೆದವರ ಕೈಯೂ ಬರಿದಾಗದಿರಲಿ.